ಹುದಿಕೇರಿ ಹಳ್ಳದ ನಲವತ್ತೊಂದು ಸಿಳ್ಳೆ

ಸೋಮವಾರ ಬೆಳಿಗ್ಗೆಯಿಂದ ಕವನಾ ಒಂದು ಕಡೆ ಕೂತಿರಲಿಲ್ಲ. ಕಂಪ್ಯೂಟರಿನ ಮುಂದೆ ಎರಡು ನಿಮಿಷ, ಆಮೇಲೆ ಕಿಟಕಿ, ಕಿಟಕಿಯಿಂದ ಹಕ್ಕಿಗಳ ಕೋಣೆ, ಅಲ್ಲಿಂದ ವರಾಂಡ, ಮತ್ತೆ ಕಂಪ್ಯೂಟರು. ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗುತ್ತಿದ್ದವಳನ್ನು ನೋಡಿ ನೆಲ ಒರೆಸುತ್ತಿದ್ದ ಹುಚ್ಚಮ್ಮನಿಗೆ ರೇಗಿತು.

"ಎಂತ ಮೇಡಂ, ನಾನು ಒರೆಸಿದ ಕಡೆಯೇ ತುಳೀತೀರಲ್ಲ. ಒಂದೋ ಕೂತ್ಕೊಳ್ಳಿ, ಇಲ್ಲ ಈ ಬಟ್ಟೆ ಹಿಡೀರಿ."

ಕವನಾ ಕೂತಳು. ಹುಚ್ಚಮ್ಮ ಪಕ್ಕದ ಕೋಣೆಗೆ ಹೋದದ್ದೇ ಮತ್ತೆ ಎದ್ದಳು.

ಶುಕ್ರವಾರ ಪರಿಶೀಲನಾ ಸಮಿತಿ ಬರುವುದಿತ್ತು. ಮೂರು ವರ್ಷದ ಕೆಲಸವನ್ನು ನಲವತ್ತು ನಿಮಿಷದಲ್ಲಿ ಹೇಳಬೇಕು. ಅವರು ಒಪ್ಪಿದರೆ ಪಿಎಚ್.ಡಿ. ಮುಂದುವರಿಯುತ್ತದೆ, ಒಪ್ಪದಿದ್ದರೆ ಗಂಟುಮೂಟೆ ಕಟ್ಟಬೇಕು. ಹೋದ ವರ್ಷ ಒಬ್ಬನನ್ನು ಹೀಗೆಯೇ ಕಳಿಸಿದ್ದರು. ಅವನು ಈಗ ಅಮ್ಮತ್ತಿಯಲ್ಲಿ ಸ್ಪ್ರಿಂಕ್ಲರ್ ಪೈಪು ಮಾರುತ್ತಾನೆ. ಸಿಕ್ಕಾಗಲೆಲ್ಲ "ಬಾ, ನಮ್ಮ ಅಂಗಡಿಯಲ್ಲೂ ಕೆಲಸ ಉಂಟು" ಎಂದು ನಗುತ್ತಾನೆ. ಆ ನಗು ಕವನಾಳಿಗೆ ಸೇರುವುದಿಲ್ಲ.

ಪ್ರಯೋಗಾಲಯ ಇದ್ದದ್ದು ಪೊನ್ನಂಪೇಟೆಯಿಂದ ಹುದಿಕೇರಿಗೆ ಹೋಗುವ ರಸ್ತೆಯ ಒಂದು ಹಳೆಯ ಎಸ್ಟೇಟ್ ಬಂಗಲೆಯಲ್ಲಿ. ಹಿಂದೆ ಬಿಳಿ ದೊರೆಗಳು ಊಟ ಮಾಡುತ್ತಿದ್ದ ಹಜಾರದಲ್ಲಿ ಈಗ ಅರವತ್ತು ಜೀಬ್ರಾ ಫಿಂಚ್‌ಗಳಿದ್ದವು. ಕೆಂಪು ಕೊಕ್ಕಿನ, ಮುಷ್ಟಿಯೊಳಗೆ ಅಡಗುವಷ್ಟು ಸಣ್ಣ ಹಕ್ಕಿಗಳು. ಜಾತ್ರೆಯ ಪೀಪಿಯ ಹಾಗೆ ದಿನವಿಡೀ ಕೂಗುತ್ತಿದ್ದವು. ಅವುಗಳಲ್ಲಿ ಒಂದನ್ನು ಹಿಡಿದು, ಅರಿವಳಿಕೆ ಕೊಟ್ಟು, ತಲೆಬುರುಡೆಯಲ್ಲಿ ಕಿಂಡಿ ಮಾಡಿ, ಕೂದಲಿಗಿಂತ ತೆಳುವಾದ ತಂತಿಯನ್ನು ಮಿದುಳಿಗೆ ಇಳಿಸುವುದು. ಆಮೇಲೆ ಅದರ ಕಿವಿಗೆ ಒಂದೊಂದೇ ಸದ್ದು ಕೇಳಿಸುವುದು. ಎಲೆಯ ಮೇಲೆ ಬೀಳುವ ಮಳೆ, ಹರಿಯುವ ನೀರು, ಬೇರೆ ಹಕ್ಕಿಯ ಹಾಡು, ಮನುಷ್ಯರ ಮಾತು. ನರಕೋಶ ಮಿಡಿದಾಗಲೆಲ್ಲ ಸ್ಪೀಕರಿನಲ್ಲಿ 'ಚಟ್' ಎನ್ನುತ್ತದೆ, ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ. ಆ ಸಾಸಿವೆಯ ಸಿಡಿತವನ್ನಷ್ಟೇ ಕೇಳಿ, ಹಕ್ಕಿಯ ಕಿವಿಗೆ ಬಿದ್ದದ್ದು ಮಳೆಯೋ ಹಾಡೋ ಎಂದು ಹೇಳಬಹುದೇ? ಕವನಾಳ ಪಿಎಚ್.ಡಿ. ಎಂದರೆ ಇಷ್ಟೇ.

ಕೆಲಸ ಮುಗಿದ ಮೇಲೆ ಆ ಹಕ್ಕಿ ಏಳುವುದಿಲ್ಲ. ಹಾಗೆ ಐದು ಹಕ್ಕಿಗಳು ಹೋಗಿದ್ದವು. ಮೊದಲನೆಯದಕ್ಕೆ ಕವನಾ ಅತ್ತಿದ್ದಳು. ಮಿಕ್ಕ ನಾಲ್ಕಕ್ಕೆ ಅತ್ತಿರಲಿಲ್ಲ.

ಅವಳಿಗೆ ಮಾರ್ಗದರ್ಶಕರಾಗಿದ್ದವರು ಶಶಿಧರ. ಐವತ್ತು ದಾಟಿದ, ಸದಾ ಅವಸರದ, ಕೆಟ್ಟವರಲ್ಲದ ಮನುಷ್ಯ. ಹೊಸಬರು ಬಂದಾಗಲೆಲ್ಲ ಒಂದೇ ಪಾಠ ಹೇಳುತ್ತಿದ್ದರು. "ಮಳೆಯಲ್ಲಿ ತೋಟದ ಮಸ್ಟರಿಗೆ, ಹಾಜರಿ ಹಾಕೋಕೆ, ನಿಂತವರೆಲ್ಲ ತಲೆ ಮೇಲಿಂದ ಪ್ಲಾಸ್ಟಿಕ್ ಕೊಪ್ಪೆ ಹೊದ್ದಿದ್ದಾರೆ ಅಂತಿಟ್ಟುಕೊ. ಕೊಪ್ಪೆ ನೋಡಿ ಯಾರನ್ನಾದರೂ ಗುರುತಿಸೋಕಾಗುತ್ತಾ? ಆಗಲ್ಲ. ನಡಿಗೆ ನೋಡಬೇಕು. ಮಿದುಳೂ ಅಷ್ಟೆ. ಎಲ್ಲ ಸದ್ದಿನಲ್ಲೂ ಇರೋದನ್ನ ಅದು ಕೇಳಿಸಿಕೊಳ್ಳೋದೇ ಇಲ್ಲ. ಒಂದು ಸದ್ದಿಗೂ ಇನ್ನೊಂದಕ್ಕೂ ಎಲ್ಲಿ ವ್ಯತ್ಯಾಸ ಜಾಸ್ತಿಯೋ ಅಲ್ಲಿ ಕಿವಿ ನೆಟ್ಟು ಕೂತಿರುತ್ತೆ."

ಕವನಾ ಆರಿಸಿಕೊಂಡದ್ದು ಸಿಳ್ಳೆಹಕ್ಕಿಯ ಹಾಡನ್ನು. ಹಳ್ಳದ ಬದಿಯ ಕಡುನೀಲಿ ಹಕ್ಕಿ. ಕೆಲಸವಿಲ್ಲದವನೊಬ್ಬ ಸಿಳ್ಳೆ ಹಾಕುತ್ತ ಹೋದ ಹಾಗೆ, ಹಿಂದುಮುಂದಿಲ್ಲದೆ ಹಾಡುತ್ತದೆ. ಹೋದ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ನಾಲ್ಕು ಹಳ್ಳಗಳಲ್ಲಿ ಅದನ್ನು ರೆಕಾರ್ಡ್ ಮಾಡಿದ್ದರು. ಸಿಳ್ಳೆ ಇರುವ ಕಡೆಯನ್ನೆಲ್ಲ ಒಂದು ಪ್ರೋಗ್ರಾಂ ಹುಡುಕಿ ಎರಡೆರಡು ಸೆಕೆಂಡಿನ ನೂರ ಮೂವತ್ತು ತುಣುಕು ಮಾಡಿಕೊಟ್ಟಿತ್ತು. ಐದು ಫಿಂಚ್‌ಗಳಿಗೆ ಅವನ್ನು ಕೇಳಿಸಿದಾಗ ಯಾರೂ ಎಣಿಸದ್ದು ನಡೆಯಿತು. ನರಕೋಶಗಳು ಆ ತುಣುಕುಗಳನ್ನು ಎರಡು ರಾಶಿ ಮಾಡಿದವು. ಒಂದರಲ್ಲಿ ಎಂಬತ್ತೊಂಬತ್ತು, ಇನ್ನೊಂದರಲ್ಲಿ ನಲವತ್ತೊಂದು. ಕವನಾಳ ಕಿವಿಗೆ, ಶಶಿಧರರ ಕಿವಿಗೆ ಎರಡು ರಾಶಿಯೂ ಒಂದೇ. ಆದರೆ ಐದಕ್ಕೈದು ಹಕ್ಕಿಗಳಲ್ಲೂ ಅದೇ ನಲವತ್ತೊಂದು ಬೇರೆಯಾಗಿ ನಿಂತಿದ್ದವು.

ಶಶಿಧರ ಕುಣಿದಾಡುವುದೊಂದು ಬಾಕಿ. "ಪ್ರಾಂತಭೇದ ಮಾರಾಯ್ತಿ! ಮನುಷ್ಯರಿಗೆ ಊರಿಗೊಂದು ಭಾಷೆ ಇದ್ದ ಹಾಗೆ ಸಿಳ್ಳೆಹಕ್ಕಿಗೆ ಹಳ್ಳಕ್ಕೊಂದು ಹಾಡು. ನಮ್ಮ ಕಿವಿಗೆ ಸಿಗದ ಆ ಭೇದ ಫಿಂಚಿನ ನರಕೋಶಕ್ಕೆ ಸಿಕ್ಕಿದೆ." ಸಮಿತಿಯ ಮುಂದೆ ಇಡಬೇಕಾದದ್ದು ಇದನ್ನೇ ಎಂದು ತೀರ್ಮಾನವಾಗಿತ್ತು.

ಪಕ್ಷಪಾತ ಬರಬಾರದೆಂದು ತುಣುಕುಗಳಿಗೆ ಬರೀ ನಂಬರು ಕೊಟ್ಟಿದ್ದರು. ಯಾವುದು ಎಲ್ಲಿಯದು, ಯಾವ ದಿನದ್ದು ಎಂಬ ಪಟ್ಟಿ ಬೀರುವಿನಲ್ಲಿತ್ತು. ಸೋಮವಾರ ಬೆಳಿಗ್ಗೆ ಕವನಾ ಅದನ್ನು ತೆಗೆದು ಹೊಂದಿಸಿ ನೋಡಿದಳು. ನಲವತ್ತೊಂದೂ ಹುದಿಕೇರಿ ಕಡೆಯ ಹಳ್ಳದವು. ಶಶಿಧರರ ಮಾತು ನಿಜವೆನಿಸಿತು. ಆದರೆ ಅದೇ ಹಳ್ಳದ ಇನ್ನೂ ಹತ್ತೊಂಬತ್ತು ತುಣುಕುಗಳು ಮೊದಲನೆಯ ರಾಶಿಯಲ್ಲಿದ್ದವು. ಒಂದೇ ಹಳ್ಳದ ಹಕ್ಕಿ ಎರಡು ಭಾಷೆ ಆಡುತ್ತದೆಯೇ? ತಾರೀಕು ನೋಡಿದಳು. ಏಪ್ರಿಲ್ ಹನ್ನೊಂದಕ್ಕೆ ಮೊದಲು ನಲವತ್ತೊಂದರ ಪೈಕಿ ಒಂದೂ ಇಲ್ಲ. ಎಲ್ಲವೂ ಆಮೇಲಿನವು.

ಏಪ್ರಿಲ್ ಹನ್ನೊಂದು ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಿಂದಿನ ದಿನ ಆ ಹಳ್ಳದ ಪಕ್ಕದ ಎಸ್ಟೇಟಿನಲ್ಲಿ ಕರಿಮೆಣಸು ಕೊಯ್ಯಲು ಹೋದ ಒಬ್ಬನನ್ನು ಆನೆ ತುಳಿದಿತ್ತು. ಹನ್ನೊಂದರಿಂದ ಕವನಾ ಹಳ್ಳಕ್ಕೆ ಇಳಿಯಲಿಲ್ಲ. ಜೀಪನ್ನು ರಸ್ತೆಯಲ್ಲಿ ನಿಲ್ಲಿಸಿಕೊಂಡು, ರೆಕಾರ್ಡರನ್ನು ನಿಂಗನ ಕೈಗೆ ಕೊಟ್ಟು, "ನಿಂಗಣ್ಣ, ಒಂದು ಮಾತೂ ಆಡಬೇಡಿ, ಕೆಮ್ಮಬೇಡಿ, ಮನುಷ್ಯರ ದನಿ ಬಿದ್ದರೆ ಎಲ್ಲ ಹಾಳು" ಎಂದು ಹೇಳಿ ಕಳಿಸುತ್ತಿದ್ದಳು. ನಿಂಗ ಆ ಎಸ್ಟೇಟಿನ ಆನೆ ಕಾವಲುಗಾರ. ಕೆಲಸದವರು ತೋಟಕ್ಕೆ ಇಳಿಯುವ ಮೊದಲು ಆನೆ ಎಲ್ಲಿದೆ ಎಂದು ನೋಡಿಬರುವವನು. ಅವನು ಎರಡು ಗಂಟೆ ಬಿಟ್ಟು ಬಂದು ರೆಕಾರ್ಡರು ಕೊಡುತ್ತಿದ್ದ. ಫಾರಮ್ಮಿನಲ್ಲಿ 'ರೆಕಾರ್ಡ್ ಮಾಡಿದವರು' ಎಂಬ ಕಡೆ ಅವಳು 'ಕವನಾ' ಎಂದು ಬರೆಯುತ್ತಿದ್ದಳು. ಇಪ್ಪತ್ತಾರು ಬೆಳಗು ಹಾಗೆಯೇ ಬರೆದಿದ್ದಳು.

ಸಂಜೆಯ ಹೊತ್ತಿಗೆ ಅವಳಿಗೆ ವಿಷಯ ಖಾತ್ರಿಯಾಗಿತ್ತು. ನಿಂಗ ಕಳ್ಳಾಟ ಆಡಿದ್ದಾನೆ. ಹಕ್ಕಿ ಹಾಡದ ದಿನ ತಾನೇ ಸಿಳ್ಳೆ ಹಾಕಿ ತುಂಬಿಸಿ ತಂದಿದ್ದಾನೆ.

ಮಂಗಳವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದಳು. ಹೂಮಳೆ ಬಿದ್ದು ವಾರವಾಗಿತ್ತು. ಎರಡೂ ಬದಿ ತೋಟ ಬೆಳ್ಳಗೆ ಬಿರಿದು, ಬಸ್ಸಿನೊಳಗೂ ಕಾಫಿ ಹೂವಿನ ವಾಸನೆ ತುಂಬಿ ತಲೆನೋವು ಬರುತ್ತಿತ್ತು. ದಾರಿಯುದ್ದಕ್ಕೂ ಅವಳು ಬೈಗುಳ ಜೋಡಿಸಿಕೊಂಡಳು.

ಎಸ್ಟೇಟಿನ ಕೆಲಸದವರ ಲೈನ್ ಮನೆಯ ಜಗಲಿಯಲ್ಲಿ ನಿಂಗನ ಹೆಂಡತಿ ಲಿಂಗಿ ಕತ್ತಿಗೆ ಎಣ್ಣೆ ಸವರಿ ಎಳೆ ಹಲಸಿನಕಾಯಿ ಹೆಚ್ಚುತ್ತಿದ್ದಳು. ಮುಂದಿನ ಹಲ್ಲೊಂದು ಇಲ್ಲದ ನಿಂಗ ಬೆಳಗಿನ ಪಾಳಿ ಮುಗಿಸಿ ಬಂದು ಗೋಡೆಗೊರಗಿದ್ದ. ಮೆಟ್ಟಿಲ ಮೇಲೆ ಲಿಂಗಿಯ ತಮ್ಮ ಸೋಮ ಕೂತಿದ್ದ. ಅವನೂ ಆನೆ ಕಾವಲಿನವನೇ.

"ಮೇಡಂ! ಬನ್ನಿ ಬನ್ನಿ. ಈ ವರ್ಷ ಹಕ್ಕಿ ಇನ್ನೂ ಶುರು ಮಾಡ್ಲಿಲ್ಲ, ಮೊದಲೇ ಬಂದ್ರಲ್ಲ" ಎಂದ ನಿಂಗ.

ಕವನಾ ಕೂರಲಿಲ್ಲ. "ನಿಂಗಣ್ಣ, ಹೋದ ವರ್ಷ ನೀವು ಸಿಳ್ಳೆ ಹಾಕಿದ್ರಾ?"

"ಯಾವಾಗ?"

"ನನ್ನ ರೆಕಾರ್ಡರಿಗೆ. ಹಕ್ಕಿ ಹಾಗೆ."

"ಓ, ಹಾಕಿದ್ದೆ."

ಅವನು ಇಷ್ಟು ಸಲೀಸಾಗಿ ಒಪ್ಪುತ್ತಾನೆಂದು ಅವಳು ಎಣಿಸಿರಲಿಲ್ಲ. ಆದರೂ ಜೋಡಿಸಿಟ್ಟದ್ದನ್ನು ಹೇಳಿಯೇ ಬಿಟ್ಟಳು. "ನಾಚಿಕೆ ಆಗಲ್ವಾ? ನಂಬಿ ಮಿಷಿನು ಕೊಟ್ಟೆ. ಹಕ್ಕಿ ಸಿಗದಿದ್ರೆ ಸಿಗಲಿಲ್ಲ ಅನ್ನಬೇಕಿತ್ತು. ಮೋಸ ಯಾಕೆ ಮಾಡಿದ್ರಿ?"

ಲಿಂಗಿಯ ಕತ್ತಿ ನಿಂತಿತು. "ಏನಂದ್ರಿ? ಮೋಸವಾ?"

"ನೀನು ಸುಮ್ನಿರು" ಎಂದ ನಿಂಗ. ಅವನ ಮುಖದಲ್ಲಿ ಸಿಟ್ಟಿಗಿಂತ ಗೊಂದಲ ಹೆಚ್ಚಿತ್ತು. "ಮೇಡಂ, ಮಾತಾಡಬೇಡ ಅಂದದ್ದು ನೀವೇ ಅಲ್ವಾ? ಮಾತಾಡದೆ ನಾನು ಸೋಮನಿಗೆ ಹೇಗೆ ಹೇಳೋದು?"

"ಎಂತ ಹೇಳೋದು?"

"ಆನೆ ಎಲ್ಲುಂಟು ಅಂತ."

ಸೋಮ ಮೆಟ್ಟಿಲ ಮೇಲೆಯೇ ತಿರುಗಿ ಕೂತು ವಿವರಿಸಿದ. ಹಳ್ಳದ ಕಡೆ ಫೋನಿಗೆ ಸಿಗ್ನಲ್ ಇಲ್ಲ. ಒಬ್ಬ ತೋಟದ ಮೇಲಿನ ಬ್ಲಾಕಿನಲ್ಲಿ, ಒಬ್ಬ ಕೆಳಗೆ. ಕೂಗಿದರೆ ಆನೆ ಕೆರಳುತ್ತದೆ, ಮನುಷ್ಯರ ದನಿ ಅದಕ್ಕಾಗದು. ಸಿಳ್ಳೆಹಕ್ಕಿಯ ಹಾಗೆ ಹಾಕಿದರೆ ಅದು ಕಿವಿಯನ್ನೂ ಅಲ್ಲಾಡಿಸುವುದಿಲ್ಲ. ಅವರಿಬ್ಬರೂ ಎಂಟು ವರ್ಷದಿಂದ ಹಾಗೆಯೇ ಮಾತಾಡುತ್ತಿದ್ದಾರೆ.

"ನನಗೆ ಯಾಕೆ ಹೇಳಲಿಲ್ಲ?"

"ನೀವು ಕೇಳ್ಲಿಲ್ಲ" ಎಂದ ನಿಂಗ. "ಮನುಷ್ಯರ ದನಿ ಬೇಡ ಅಂದ್ರಿ. ಸಿಳ್ಳೆ ಬೇಡ ಅನ್ಲಿಲ್ಲ. ಸಿಳ್ಳೆ ರೆಕಾರ್ಡ್ ಮಾಡೋಕೇ ಅಲ್ವಾ ನೀವು ಬಂದದ್ದು?"

ಲಿಂಗಿ ಮತ್ತೆ ಹೆಚ್ಚತೊಡಗಿದಳು. "ಓದಿದವರಿಗೆ ಹಕ್ಕಿ ಯಾವುದು ಗಂಡಸು ಯಾವುದು ಅಂತ ಗೊತ್ತಾಗ್ಲಿಲ್ಲ. ಮೋಸ ಮಾಡಿದ್ದು ಇವರಂತೆ."

ಕವನಾ ಜಗಲಿಯ ತುದಿಯಲ್ಲಿ ಕೂತಳು. ಹಿಂದಿನ ರಾತ್ರಿಯಿಂದ ಕಾಡುತ್ತಿದ್ದ ಒಂದು ತೊಡಕು ಈಗ ಸ್ಪಷ್ಟವಾಯಿತು. ನಲವತ್ತೊಂದು ತುಣುಕು ಮನುಷ್ಯರದ್ದೆಂದು ಹೇಳುತ್ತಿರುವುದು ನರಕೋಶ. ಆ ನರಕೋಶದ ಮಾತು ಸರಿಯೇ ಎಂದು ಪರೀಕ್ಷಿಸಲು ಅದೇ ನರಕೋಶವನ್ನು ಸಾಕ್ಷಿಗೆ ಕರೆಯಲಾಗದು. ಹೊರಗಿನ ಸಾಕ್ಷಿ ಬೇಕು. ಅಂಥ ಸಾಕ್ಷಿ ಜಗತ್ತಿನಲ್ಲಿ ಇದ್ದದ್ದು ಇಬ್ಬರೇ, ಸಿಳ್ಳೆ ಹಾಕಿದವರು.

ಅವಳು ಲ್ಯಾಪ್‌ಟಾಪ್ ತೆರೆದು, ನೂರ ಮೂವತ್ತು ತುಣುಕುಗಳನ್ನೂ ಕಲಸಿ, ಹೆಡ್‌ಫೋನನ್ನು ನಿಂಗನ ತಲೆಗೆ ಹಾಕಿದಳು. "ಒಂದೊಂದೇ ಬರ್ತದೆ. ಯಾರದ್ದು ಅಂತ ಹೇಳಿ ಸಾಕು. ಗೊತ್ತಾಗದಿದ್ರೆ ಗೊತ್ತಾಗಲಿಲ್ಲ ಅನ್ನಿ." ತಾನು ಪರದೆ ನೋಡದ ಹಾಗೆ ಪಕ್ಕಕ್ಕೆ ತಿರುಗಿ ಪುಸ್ತಕ ಹಿಡಿದಳು.

"ಹಕ್ಕಿ" ಎಂದ ನಿಂಗ. "ಹಕ್ಕಿ. ಇದೂ ಹಕ್ಕಿ. ಇದು ನಂದು."

"ಹೇಗೆ ಗೊತ್ತಾಯ್ತು?"

"ನನ್ನ ದನಿ ನನಗೆ ಗೊತ್ತಾಗಲ್ವಾ? ಇದು 'ಮೂರು ಉಂಟು, ಮರಿ ಇದೆ' ಅಂತ. ಹಕ್ಕಿಗೆ ಎಂತಕ್ಕೆ ಆನೆ ಲೆಕ್ಕ?"

ಸೋಮ ಪಕ್ಕೆ ಹಿಡಿದುಕೊಂಡು ನಕ್ಕ. ಮುಂದಿನದು ಅವನದೇ, ದೂರದ್ದು. 'ನಾನು ಕಂಡೆ' ಎಂಬ ಉತ್ತರ. ಅದರಾಚೆ ಮತ್ತೆ ಹಕ್ಕಿ. ಬೇಲಿ ಮುರಿದದ್ದು, ಹಳ್ಳಕ್ಕೆ ಇಳಿದದ್ದು, ಒಂಟಿ ಸಲಗ, ನಿಲ್ಲು, ಬಾ, ಬೀಡಿ ಉಂಟಾ. ಬೀಡಿಗೂ ಒಂದು ಸಿಳ್ಳೆ ಇತ್ತು. ಐದು ಫಿಂಚ್‌ಗಳೂ ಅದನ್ನು ಕೇಳಿಸಿಕೊಂಡೇ ಸತ್ತಿದ್ದವು.

ಎಂಬತ್ತು ದಾಟಿದ ಮೇಲೆ ಒಂದು ತುಣುಕಿಗೆ ನಿಂಗ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡ. ಇನ್ನೊಂದು ಸಲ ಹಾಕಿಸಿಕೊಂಡ. ಹೆಡ್‌ಫೋನನ್ನು ಸೋಮನಿಗೆ ಕೊಟ್ಟ. ಸೋಮನೂ ಕೇಳಿ ಅವನ ಮುಖ ನೋಡಿದ.

"ಯಾರದ್ದು?"

"ನಂದೇ" ಎಂದ ನಿಂಗ.

"ಎಂತ ಹೇಳ್ತಾ ಇದ್ದೀರಿ ಅದರಲ್ಲಿ?"

"ಬಿಡಿ ಮೇಡಂ, ಮುಂದಿನದ್ದು ಹಾಕಿ."

"ಹೇಳಿ ನಿಂಗಣ್ಣ."

"ಜೀಪಿನ ಕಡೆ ಹೋಗ್ತಾ ಉಂಟು ಅಂತ." ಅವನು ತಲೆ ಕೆರೆದುಕೊಂಡ. "ಸಲಗ. ನೀವು ಒಳಗೆ ಮಲಗಿದ್ರಿ. ಕೂಗಿದ್ರೆ ನಿಮಗೆ ಎಚ್ಚರ ಆಗಿ ಬಾಗಿಲು ತೆಗೀತೀರಿ, ಅದು ಕೆರಳ್ತದೆ. ಅದಕ್ಕೆ ಸೋಮನಿಗೆ ಹೇಳಿದೆ. ಇವನು ಪಟಾಕಿ ಹಿಡ್ಕೊಂಡು ಮೇಲಿಂದ ಓಡಿ ಬಂದ. ಹಚ್ಚುವ ಮೊದಲೇ ಅದು ತಿರುಗಿ ಹೋಯ್ತು. ಹತ್ತು ಮಾರು ಅಷ್ಟೇ ಇತ್ತು."

"ನನಗೆ ಹೇಳಲೇ ಇಲ್ಲ."

"ಹೇಳಿದ್ರೆ ಮಾರನೇ ದಿನ ನೀವು ಬರ್ತಿರ್ಲಿಲ್ಲ."

ಕವನಾ ಪುಸ್ತಕದಲ್ಲಿ ಆ ನಂಬರಿನ ಮುಂದೆ 'ನಿಂಗ' ಎಂದು ಬರೆದಳು. ಹೆಡ್‌ಫೋನು ಇಸಿದುಕೊಂಡು ಕೇಳಿದಳು, ಗುರುತು ಸಿಕ್ಕಿತು. ಒಂದೊಂದು ಫಿಂಚಿಗೂ ಆ ತುಣುಕನ್ನು ಇಪ್ಪತ್ತು ಸಲದಂತೆ ನೂರು ಸಲ ಕೇಳಿಸಿದ್ದಳು. ತಾನೂ ಅಷ್ಟೇ ಸಲ ಕೇಳಿದ್ದಳು. ಇಂಪಾಗಿದೆ ಎಂದು ಒಮ್ಮೆ ಫೋನಿನ ರಿಂಗ್‌ಟೋನ್ ಕೂಡ ಮಾಡಿಕೊಂಡಿದ್ದಳು.

ಎಲ್ಲ ಮುಗಿಯುವಾಗ ಹಲಸಿನಕಾಯಿ ಪಲ್ಯದ ವಾಸನೆ ಬರುತ್ತಿತ್ತು. ನಿಂಗ ಮನುಷ್ಯರದ್ದೆಂದು ಹೇಳಿದ್ದು ನಲವತ್ತು. ನರಕೋಶ ಬೇರೆ ಮಾಡಿದ್ದು ನಲವತ್ತೊಂದು. ಎರಡರಲ್ಲೂ ಇದ್ದದ್ದು ಮೂವತ್ತೊಂಬತ್ತು. ನರಕೋಶ ಮನುಷ್ಯರದ್ದೆಂದ ಎರಡನ್ನು ನಿಂಗ ಹಕ್ಕಿಯದ್ದೆಂದ. ಒಂದನ್ನು ಮಾತ್ರ ನಿಂಗ ತನ್ನದೆಂದ, ನರಕೋಶ ಹಕ್ಕಿಯದ್ದೆಂದಿತ್ತು.

ವಿಷಯ ತಿಳಿದಾಗ ನಿಂಗನ ಮುಖ ಸಪ್ಪಗಾಯಿತು. "ಅಂದ್ರೆ ನಿಮ್ಮ ಪಂಜರದ ಹಕ್ಕಿಗೆ ಇಷ್ಟೂ ಗೊತ್ತಾಯ್ತಾ? ಆನೆಗೆ ಗೊತ್ತಾಗ್ಲಿಲ್ಲ, ನಿಮಗೆ ಗೊತ್ತಾಗ್ಲಿಲ್ಲ."

"ಮನುಷ್ಯರ ಸಿಳ್ಳೆ ಎಳೆದ ಹಾಗೆ ನಿಧಾನ ಏರ್ತದೆ ನಿಂಗಣ್ಣ. ಹಕ್ಕಿಯದ್ದು ತಟ್ಟನೆ ಮುರೀತದೆ. ನಮ್ಮ ಕಿವಿಗೆ ಸಿಗೋದಿಲ್ಲ, ಅಷ್ಟು ಬೇಗ. ಅದಕ್ಕೆ ಸಿಗ್ತದೆ."

"ಒಂದು ಸಿಗ್ಲಿಲ್ಲ ಅಂದ್ರಲ್ಲ?"

"ಹೌದು, ಒಂದು."

"ಒಂದರಲ್ಲಿ ಗೆದ್ರಿ ಬಿಡಿ ಬಾವ" ಎಂದ ಸೋಮ. "ಉಳಿದದ್ದಕ್ಕೆ ಹಲ್ಲು ಕಟ್ಟಿಸ್ಕೊಳ್ಳಿ."

ಬುಧವಾರ ಶಶಿಧರ ಎಲ್ಲವನ್ನೂ ಕೇಳಿದರು. ಜೀಪಿನ ವಿಷಯ ಬಂದಾಗ ಹುಬ್ಬು ಗಂಟಿಕ್ಕಿದರು. ಕವನಾ ತಂದ ಪಟ್ಟಿಯನ್ನು ಎರಡು ಸಲ ಕೂಡಿಸಿ ನೋಡಿದರು. ಆಮೇಲೆ ಗಂಟು ಬಿಚ್ಚಿತು.

"ನಲವತ್ತೊಂದರಲ್ಲಿ ಮೂವತ್ತೊಂಬತ್ತು! ಇದು ಪ್ರಾಂತಭೇದಕ್ಕಿಂತ ಒಳ್ಳೇದು ಮಾರಾಯ್ತಿ. ಸಿಳ್ಳೆಹಕ್ಕಿಯ ಹಾಡನ್ನೇ ಕೇಳದ ಫಿಂಚು, ಹಕ್ಕಿ ಯಾವುದು ಅನುಕರಣೆ ಯಾವುದು ಅಂತ ಬೇರೆ ಮಾಡಿದೆ. ಹೋಲಿಕೆಗಾಗಿ ಮನುಷ್ಯರ ಸಿಳ್ಳೆಯನ್ನು ನಾವೇ ಸೇರಿಸಿದ್ದೆವು ಅಂತ ಬರಿ."

"ನಾವು ಸೇರಿಸಲಿಲ್ಲ ಸರ್."

"ಸೇರಿದೆ ತಾನೆ?"

"ನಮಗೆ ಗೊತ್ತಿಲ್ಲದೆ."

"ಕವನಾ, ಶುಕ್ರವಾರ ಮೂರು ಜನ ಬರ್ತಾರೆ. ಅವರಿಗೆ ನೀನು, ನನಗೆ ಗೊತ್ತಿರಲಿಲ್ಲ, ನಾನು ಜೀಪಿನಲ್ಲಿ ನಿದ್ದೆ ಮಾಡ್ತಿದ್ದೆ, ಫಾರಮ್ಮಿನಲ್ಲಿ ನನ್ನ ಹೆಸರು ಬರೆದೆ ಅಂದ್ರೆ ಏನಾಗುತ್ತೆ? ಐದು ಹಕ್ಕಿ ಸತ್ತದ್ದು ದಂಡ. ನಿನ್ನ ಮೂರು ವರ್ಷ ದಂಡ. ಸಂಖ್ಯೆ ಸುಳ್ಳಲ್ಲ. ನರಕೋಶ ಸುಳ್ಳು ಹೇಳಿಲ್ಲ. ನಿಂಗ ಹೇಳಿಲ್ಲ. ಒಂದು ವಾಕ್ಯ ಅಷ್ಟೆ."

ಅದರಲ್ಲಿ ತಪ್ಪು ಹುಡುಕುವುದು ಕಷ್ಟವಿತ್ತು. ಎರಡು ದಿನ ಕವನಾ ಆ ಒಂದು ವಾಕ್ಯವನ್ನು ಬರೆದು ಅಳಿಸಿದಳು, ಅಳಿಸಿ ಬರೆದಳು. ಸ್ಲೈಡಿನ ಅಕ್ಷರದ ಬಣ್ಣ ಬದಲಾಯಿಸಿದಳು. ಅಮ್ಮ ಫೋನು ಮಾಡಿ ಊಟ ಆಯಿತೇ ಎಂದು ಕೇಳಿದರೆ "ಕೆಲಸ ಉಂಟು" ಎಂದು ಇಟ್ಟುಬಿಟ್ಟಳು. ಹಕ್ಕಿಗಳ ಕೋಣೆಗೆ ಹೋಗಿ ನಿಂತರೆ ಅರವತ್ತು ಪೀಪಿಗಳು ಒಟ್ಟಿಗೆ ಊದಿದವು. ಅವುಗಳಲ್ಲಿ ಐದು ಕಡಿಮೆಯಾದದ್ದು ಯಾರಿಗೂ ಗೊತ್ತಾಗುವಂತಿರಲಿಲ್ಲ. ಮರಿಗಳು ಹುಟ್ಟಿ ಲೆಕ್ಕ ಸರಿಹೋಗಿತ್ತು. ಗುರುವಾರ ಸಂಜೆ ವಾಕ್ಯ ಸ್ಲೈಡಿನಲ್ಲಿಯೇ ಉಳಿಯಿತು. ಅವಳಿಗೆ ಪೈಪು ಮಾರಲು ಇಷ್ಟವಿರಲಿಲ್ಲ.

ಶುಕ್ರವಾರ ಹೇಳಿದ್ದು ಚೆನ್ನಾಗಿಯೇ ಆಯಿತು. ಮೂವತ್ತೆಂಟು ನಿಮಿಷಕ್ಕೆ ಮುಗಿಸಿದಳು. ಶಶಿಧರ ಹಿಂದಿನ ಸಾಲಿನಲ್ಲಿ ತಲೆದೂಗುತ್ತಿದ್ದರು. ಸಮಿತಿಯ ಇಬ್ಬರು ಗ್ರಾಫಿನ ಬಗ್ಗೆ ಏನೋ ಕೇಳಿ ಬರೆದುಕೊಂಡರು. ಮೂರನೆಯವರು ಚನ್ನಬಸಮ್ಮ. ಧಾರವಾಡದಲ್ಲಿ ನಲವತ್ತು ವರ್ಷ ಶರೀರಶಾಸ್ತ್ರ ಕಲಿಸಿ ನಿವೃತ್ತರಾದವರು. ದಪ್ಪ ಕನ್ನಡಕ, ಕೈಯಲ್ಲೊಂದು ಪೆನ್ಸಿಲ್ ತುಂಡು.

"ಛಲೋ ವಿಚಾರ ಮಾಡೀಯವ್ವಾ" ಎಂದರು. "ಮನುಷ್ಯಾನ ಸಿಳ್ಳಿ, ಹಕ್ಕಿ ಸಿಳ್ಳಿ, ಎರಡೂ ಒಂದೇ ಹಳ್ಳದಾಗ, ಒಂದೇ ಮೈಕಿನಾಗ. ಇಂಥಾ ಹೋಲಿಕಿ ಯಾರೂ ಮಾಡಿಲ್ಲ. ಒಂದು ಮಾತು ಬರಕೋಬೇಕು. ಸಿಳ್ಳಿ ಹೊಡೆದವರಿಗೆ ನೀ ಏನಂತ ಹೇಳಿ ಹೊಡಿಸಿದಿ?"

ಅದು ಬಲೆಯಲ್ಲ. ಯಾರೇ ಆದರೂ ಕೇಳಬೇಕಾದ ಪ್ರಶ್ನೆ. ಹಕ್ಕಿಯ ಹಾಗೆ ಹಾಕಿ ಎಂದೆ ಎಂದರೆ ಮುಗಿಯಿತು. ಕವನಾ ಬಾಯಿ ತೆರೆದಳು. ಆ ಮಾತಿನ ಬದಲು ಎರಡು ಸೆಕೆಂಡಿನ ಆ ತುಣುಕು ತಲೆಯಲ್ಲಿ ಬಂತು. ಅದನ್ನು ಹಾಕುವಾಗ ನಿಂಗನಿಗೆ ಹಕ್ಕಿಯ ಯೋಚನೆಯೇ ಇರಲಿಲ್ಲ.

"ಮಾತಾಡಬೇಡಿ ಅಂದಿದ್ದೆ ಮೇಡಂ."

"ಅಷ್ಟಽ? ಮತ್ತ ಸಿಳ್ಳಿ ಯಾಕ ಹೊಡೆದರು?"

"ಆನೆ ಎಲ್ಲಿದೆ ಅಂತ ಇನ್ನೊಬ್ಬರಿಗೆ ಹೇಳಲಿಕ್ಕೆ."

ಪೆನ್ಸಿಲ್ ನಿಂತಿತು. ಹಿಂದಿನ ಸಾಲಿನಲ್ಲಿ ಕುರ್ಚಿ ಕಿರ್ರೆಂದಿತು.

"ಅಂದ್ರ ನೀ ಹೊಡಿಸಿಲ್ಲ."

"ಇಲ್ಲ. ಅವರು ಹಾಕಿದ್ದು ನನಗೆ ಗೊತ್ತೇ ಇರಲಿಲ್ಲ. ಈ ವಾರ ಗೊತ್ತಾಯಿತು."

"ಬಾಜೂ ನಿಂತವರು ಸಿಳ್ಳಿ ಹೊಡೆದರ ನಿನಗ ಗೊತ್ತಾಗಲಿಲ್ಲ?"

"ನಾನು ಅಲ್ಲಿರಲಿಲ್ಲ. ಜೀಪಿನಲ್ಲಿದ್ದೆ. ಮಲಗಿದ್ದೆ."

ಚನ್ನಬಸಮ್ಮ ಫೈಲು ತಿರುವಿ ಒಂದು ಫಾರಮ್ಮು ತೆಗೆದರು. "ಇಲ್ಲೆ ನಿನ್ನ ಹೆಸರೈತಿ."

"ಸುಳ್ಳು ಬರೆದಿದ್ದೇನೆ. ಇಪ್ಪತ್ತಾರರಲ್ಲೂ. ಆ ಸ್ಲೈಡಿನ ವಾಕ್ಯವೂ ಸುಳ್ಳು."

ಹೇಳಿದ ಮೇಲೆ ಹಗುರವೇನೂ ಆಗಲಿಲ್ಲ. ಮೇಜಿನ ಮೇಲಿದ್ದ ನೀರು ಕುಡಿದಳು. ಅದು ಬೇರೆಯವರ ಲೋಟ ಎಂದು ಆಮೇಲೆ ಗೊತ್ತಾಯಿತು.

ಸಮಿತಿ ಬಾಗಿಲು ಹಾಕಿಕೊಂಡು ಒಂದು ಗಂಟೆ ಕೂತಿತು. ಕವನಾ ವರಾಂಡದಲ್ಲಿ ಈ ತುದಿಯಿಂದ ಆ ತುದಿಗೆ ನಡೆದಳು. ಶಶಿಧರ ಕಂಬಕ್ಕೊರಗಿ ಫೋನು ನೋಡುತ್ತಿದ್ದರು.

"ಅಲ್ಲಿ ಹೇಳೋದಾಗಿದ್ರೆ ನನಗೆ ಮೊದಲೇ ಹೇಳಬಹುದಿತ್ತು" ಎಂದರು.

"ಬುಧವಾರ ಹೇಳಿದ್ದೆ ಸರ್."

ಅವರು ಮತ್ತೆ ಫೋನಿಗೆ ಕಣ್ಣು ಹಾಕಿದರು.

ತೀರ್ಮಾನ ಒಂದು ಪುಟದಲ್ಲಿ ಬಂತು. ಆ ಅಧ್ಯಾಯ ಲೆಕ್ಕಕ್ಕಿಲ್ಲ. ಆರು ತಿಂಗಳು ಅವಕಾಶ. ಎಲ್ಲ ದನಿಗಳನ್ನೂ ಹೊಸದಾಗಿ ರೆಕಾರ್ಡ್ ಮಾಡಬೇಕು. ಪ್ರತಿ ಬೆಳಗೂ ಅವಳು ಖುದ್ದಾಗಿ ಇರಬೇಕು, ಜೊತೆಗಿದ್ದವರ ಹೆಸರನ್ನೂ ಬರೆಯಬೇಕು. ಅದು ಸರಿಯಾಗಿದೆ ಎಂದು ತೋರಿಸಿದ ಮೇಲೆಯೇ ಹೊಸ ಹಕ್ಕಿಗಳಿಗೆ ಅನುಮತಿ. ಆಗದಿದ್ದರೆ ನೋಂದಣಿ ರದ್ದು. ಕಾರು ಹತ್ತುವಾಗ ಚನ್ನಬಸಮ್ಮ ಕವನಾಳನ್ನು ಕರೆದು, "ಅನುಕರಣೆ ಅಂತ ಬರೀಬ್ಯಾಡ ಇನ್ನ, ಅದು ಅವರ ಮಾತು" ಎಂದಷ್ಟೇ ಹೇಳಿ ಕಿಟಕಿಯ ಗಾಜು ಏರಿಸಿದರು.

ಭಾನುವಾರ ಅವಳು ಮತ್ತೆ ಲೈನ್ ಮನೆಗೆ ಹೋದಳು. ಲಿಂಗಿ ಈ ಸಲ ಕುಡಿಯಲು ನೀರು ಕೊಟ್ಟಳು. ಅವತ್ತಿನ ಮಾತು ತಪ್ಪಾಯಿತು ಎಂದು ಕವನಾ ಹೇಳಿದಾಗ ನಿಂಗ "ಆಯ್ತು ಬಿಡಿ" ಎಂದ. ಲಿಂಗಿ ಬಿಡಲಿಲ್ಲ.

"ಮೋಸ ಅಂದದ್ದು ಇಡೀ ಲೈನಿಗೆ ಕೇಳಿಸಿದೆ. ತಪ್ಪಾಯ್ತು ಅಂದದ್ದು ನಮಗೆ ಮೂವರಿಗೇ."

ಕವನಾ ಜಗಲಿಯಿಂದ ಎದ್ದು ನಿಂತಳು. ಪಕ್ಕದ ಮನೆಗಳ ಬಾಗಿಲಲ್ಲಿ ಇಣುಕುತ್ತಿದ್ದವರಿಗೆ ಕೇಳುವ ಹಾಗೆ ಇನ್ನೊಮ್ಮೆ ಹೇಳಿದಳು. ಕಿವಿ ಬಿಸಿಯಾಯಿತು. ಯಾರೋ ನಕ್ಕರು.

ಆಮೇಲೆ ಬಂದ ಕೆಲಸ ಹೇಳಿದಳು. ಹಕ್ಕಿಯ ಹಾಡಿನ ಜೊತೆಗೆ ಸಿಳ್ಳೆಯೂ ಬೇಕು. ಈ ಸಲ ಗೊತ್ತಿದ್ದೇ ರೆಕಾರ್ಡ್ ಮಾಡುವುದು. ಇಲ್ಲೇ ಅಂಗಳದಲ್ಲಿ ನಾಲ್ಕು ಹಾಕಿ ತೋರಿಸಬಹುದೇ ಎಂದು ಕೇಳಿದಳು.

ನಿಂಗ ತುಟಿ ಸೇರಿಸಿ ಹಾಕಿದ. ತೆಳ್ಳಗೆ ಏನೋ ಬಂತು. ಅವನಿಗೇ ಸಮಾಧಾನವಾಗಲಿಲ್ಲ. ಇನ್ನೊಮ್ಮೆ ಹಾಕಿದ. ಸೋಮ ಮುಖ ತಿರುಗಿಸಿ ನಗು ತಡೆದುಕೊಂಡ.

"ಬರಲ್ಲ ಮೇಡಂ" ಎಂದ ನಿಂಗ. "ಆನೆ ಇಲ್ದೆ ಎಂತ ಹೇಳೋದು?"

"ಇದೆ ಅಂತ ಅಂದುಕೊಂಡು ಹಾಕಿ."

"ಅಂದುಕೊಂಡು ಹಾಕಿದ್ರೆ ಇವನು ಓಡಿ ಬರ್ತಾನಾ? ಇಲ್ಲೇ ಕೂತು ಹಲ್ಲು ಕಿಸೀತಾನೆ. ನಿಮ್ಮ ಪಂಜರದ ಹಕ್ಕಿಗೂ ಗೊತ್ತಾಗ್ತದೆ."

ಕವನಾ ರೆಕಾರ್ಡರನ್ನು ಆಫ್ ಮಾಡಿ ಮಡಿಲಲ್ಲಿ ಇಟ್ಟುಕೊಂಡಳು. ಹಾಗಾದರೆ ಆನೆ ಇರುವಾಗಲೇ ಹೋಗಬೇಕು. ಅದು ಅವಳಿಗೆ ಶುಕ್ರವಾರವೇ ಗೊತ್ತಿತ್ತು. ಬೇರೆ ದಾರಿ ಇದೆಯೇ ಎಂದು ನೋಡಲು ಇಲ್ಲಿಯವರೆಗೆ ಬಂದಿದ್ದಳು.

"ಈಗ ಎಲ್ಲುಂಟು?" ಎಂದು ಕೇಳಿದಳು.

"ನಿನ್ನೆಯಿಂದ ಕೆಳಗಿನ ಬ್ಲಾಕಲ್ಲಿ. ಐದು. ನಾಳೆ ಬೆಳಿಗ್ಗೆ ಆರಕ್ಕೆ ನಾವು ಇಳೀತೇವೆ."

"ಅದು ನನ್ನ ಕಡೆ ಬಂದ್ರೆ ಓಡಬೇಕಾ?"

"ಓಡಿದ್ರೆ ಅದೂ ಓಡಿ ಬರ್ತದೆ."

"ಮತ್ತೆ?"

"ಮರದ ಹಿಂದೆ ನಿಲ್ಲೋದು. ಉಸಿರು ಮೆಲ್ಲ ಬಿಡೋದು. ನಾನು ಹಾಕೋದು ಕೇಳ್ತಾ ಇರಿ. ಯಾವುದಕ್ಕೆ ನಿಲ್ಲಬೇಕು, ಯಾವುದಕ್ಕೆ ಹಿಂದೆ ಹೋಗಬೇಕು ಅಂತ ಈಗ ಹೇಳಿಕೊಡ್ತೇನೆ. ಎರಡೇ ಸಾಕು ನಿಮಗೆ. ತಪ್ಪಬಾರದು ಅಷ್ಟೆ."

ಅವಳು ಅಂಗೈಯ ಬೆವರನ್ನು ಚೂಡಿದಾರಕ್ಕೆ ಒರೆಸಿಕೊಂಡು ಅವನ ಬಾಯನ್ನೇ ನೋಡಿದಳು. ಮೊದಲನೆಯದನ್ನು ನಿಂಗ ಹಾಕಿದ. ಕೇಳಿತು. ಎರಡನೆಯದನ್ನು ಹಾಕಿದ. ಎರಡೂ ಒಂದೇ ಹಾಗೆ ಕೇಳಿಸಿದವು.

"ಇನ್ನೊಂದು ಸಲ" ಎಂದಳು.